ಸ್ಲೈಡಿಂಗ್ ಗೇಟಿಗೆ ಮೋಟಾರ್ ಹಾಕಿಸುವ ಮೊದಲು

ಮನೆಯ ಗೇಟಿಗೆ ಮೋಟಾರ್ ಹಾಕಿಸಬೇಕು ಅಂದುಕೊಂಡವರು ಮೊಟ್ಟಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಇಟಲಿಯ ಕೇಮ್, ಫಾಕ್, ಬಿಎಫ್‌ಟಿ, ನೈಸ್ ಇರಲಿ, ಕಡಿಮೆ ಬೆಲೆಯ ಬೇರೆ ಪೆಟ್ಟಿಗೆ ಇರಲಿ, ಒಳಗಿರುವುದು ಒಂದು ಮೋಟಾರು, ಅದರ ವೇಗ ಇಳಿಸುವ ಗೇರು, ಹೊರಗೆ ಕಾಣುವ ಒಂದು ಪಿನಿಯನ್, ಅಂದರೆ ಹಲ್ಲುಗಾಲಿ. ಗೇಟಿನ ಉದ್ದಕ್ಕೂ ಕೂರಿಸಿದ ರ‍್ಯಾಕಿನ ಹಲ್ಲಿಗೆ ಈ ಪಿನಿಯನ್ ಕಚ್ಚಿಕೊಂಡು ಗೇಟನ್ನು ಎಳೆಯುತ್ತದೆ. ಎಳೆಯುವುದಷ್ಟೇ ಅದರ ಕೆಲಸ. ಗೇಟಿನ ಭಾರ ಹೊರಬೇಕಾದದ್ದು ಚಕ್ರ ಮತ್ತು ಟ್ರ್ಯಾಕು. ನೆಟ್ಟಗೆ ನಿಲ್ಲಿಸಬೇಕಾದದ್ದು ಮೇಲಿನ ಗೈಡ್ ರೋಲರು. ಕೈಯಲ್ಲಿ ತಳ್ಳಿದರೆ ಅಲ್ಲಲ್ಲಿ ತಡೆದು ನಿಲ್ಲುವ ಗೇಟಿಗೆ ಎಷ್ಟು ದುಬಾರಿ ಮೋಟಾರ್ ಹಾಕಿದರೂ ಅದು ಆ ಗೇಟಿನ ಜೊತೆ ದಿನವೂ ಗುದ್ದಾಡುತ್ತದೆ, ಒಂದೆರಡು ಮಳೆಗಾಲದಲ್ಲಿ ಸೋಲುತ್ತದೆ.

ಆದ್ದರಿಂದ ದುಡ್ಡು ಮತ್ತು ಗಮನ ಹೋಗಬೇಕಾದ ಕ್ರಮ ಹೀಗೆ: ಜಾಗ, ಟ್ರ್ಯಾಕು, ಗೇಟು, ನೆಲದಡಿಯ ಪೈಪು, ಆಮೇಲೆ ಮೋಟಾರು.

ಜಾಗ ಸಾಕಾಗುತ್ತದೆಯೇ

ಸ್ಲೈಡಿಂಗ್ ಗೇಟು ತೆರೆದಾಗ ಕಾಂಪೌಂಡ್ ಗೋಡೆಯ ಹಿಂದೆ ಹೋಗಿ ಕೂರಬೇಕು. 10 ಅಡಿಯ ದಾರಿಗೆ ಗೇಟು ಹತ್ತೂವರೆಯಿಂದ ಹನ್ನೊಂದಡಿ ಇರುತ್ತದೆ, ಏಕೆಂದರೆ ಎರಡೂ ಕಡೆ ಮೂರು ನಾಲ್ಕು ಅಂಗುಲ ಪಿಲ್ಲರಿನ ಹಿಂದೆ ಸರಿದಿರಬೇಕು. ಅದು ಹಿಂದೆ ಸರಿಯಲು ಗೇಟಿನ ಉದ್ದಕ್ಕಿಂತ ಇನ್ನರ್ಧ ಅಡಿಯಿಂದ ಒಂದಡಿ ಹೆಚ್ಚು ಜಾಗ ಬೇಕು.

30×40 ಸೈಟಿನಲ್ಲಿ ಲೆಕ್ಕ ಹಾಕಿ. 30 ಅಡಿ ಮುಂಭಾಗದಲ್ಲಿ ಎರಡೂ ಪಕ್ಕದ ಕಾಂಪೌಂಡಿಗೆ ಒಂದಡಿ ಕಳೆದರೆ 29 ಉಳಿಯಿತು. 10 ಅಡಿ ದಾರಿ, 11.5 ಅಡಿ ಸರಿಯುವ ಜಾಗ, ಜನ ನಡೆದು ಓಡಾಡುವ ಮೂರಡಿಯ ವಿಕೆಟ್ ಗೇಟು, ಅದರ ಪಿಲ್ಲರು, ಎಲ್ಲ ಸೇರಿ 25 ಅಡಿ ಚಿಲ್ಲರೆ. ಆರಾಮಾಗಿ ಹಿಡಿಯುತ್ತದೆ. ಆದರೆ ವಿಕೆಟ್ ಗೇಟು ದಾರಿಯ ಆಚೆ ಬದಿಗೆ ಇರಬೇಕು. ಗೇಟು ಸರಿಯುವ ಬದಿಗೆ ಇಟ್ಟರೆ, ದೊಡ್ಡ ಗೇಟು ತೆರೆದಾಗಲೆಲ್ಲ ಸಣ್ಣದು ಮುಚ್ಚಿಹೋಗುತ್ತದೆ. ನಕ್ಷೆಯಲ್ಲಿ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಪಿಲ್ಲರು ಎದ್ದು ಗೇಟು ಕೂರಿಸುವ ದಿನ ಗೊತ್ತಾಗುತ್ತದೆ.

20×30 ಸೈಟಿನಲ್ಲಿ ಹಾಗಲ್ಲ. 19 ಅಡಿ ಒಳಜಾಗದಲ್ಲಿ 9 ಅಡಿ ದಾರಿ ಬಿಟ್ಟರೆ ಉಳಿಯುವುದು 10. ಒಂಬತ್ತೂವರೆ ಅಡಿ ಗೇಟು ಹೇಗೋ ತೂರುತ್ತದೆ, ವಿಕೆಟ್ ಗೇಟಿಗೆ ಜಾಗವೇ ಇಲ್ಲ. ಅಂಥ ಕಡೆ ಎರಡು ಹಲಗೆ ಒಂದರ ಹಿಂದೊಂದು ಸರಿಯುವ ಟೆಲಿಸ್ಕೋಪಿಕ್ ಗೇಟು ನೋಡಬಹುದು. ಸರಿಯಲು ಐದೂವರೆ ಅಡಿ ಸಾಕು. ಅದಕ್ಕೆ ಎರಡು ಟ್ರ್ಯಾಕು, ಎರಡು ಜೊತೆ ಚಕ್ರ, ಹಲಗೆಗಳನ್ನು ಜೋಡಿಸುವ ಕೇಬಲ್ಲು ಬೇಕು. ಕೆಡುವ ಭಾಗವೂ ಅಷ್ಟೇ ಹೆಚ್ಚು. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಒಪ್ಪಿಕೊಳ್ಳಿ.

ಟೇಪಿನಲ್ಲಿ ಜಾಗ ಇದೆ ಅಂತ ಬಂದರೂ ಸಾಲದು. ಗೇಟು ಸರಿಯುವ ಆ ಹನ್ನೊಂದಡಿಯಲ್ಲಿ ಏನೇನು ಕೂತಿದೆ ನೋಡಿ. ಕರೆಂಟ್ ಮೀಟರಿನ ಬಾಕ್ಸ್, ನಲ್ಲಿ, ತುಳಸಿ ಕಟ್ಟೆ, ಹೂವಿನ ಕುಂಡ, ಮೆಟ್ಟಿಲಿನ ಮೊದಲ ಹೆಜ್ಜೆ. ಬೆಂಗಳೂರಿನ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಡ್ಡ ಬರುವುದು ಸಂಪು. ಗೇಟಿನ ಹಿಂದೆಯೇ ಸಂಪು ಇದ್ದರೆ ಟ್ರ್ಯಾಕಿನ ಕಾಂಕ್ರೀಟ್ ಬೀಮು ಅದರ ಸ್ಲ್ಯಾಬಿನ ಅಂಚಿಗೆ ಬರುತ್ತದೆ, ಮೋಟಾರಿನ ಕಟ್ಟೆಗೆ ಅಗೆಯಲು ಆಗುವುದಿಲ್ಲ. ಸಂಪಿನ ಸ್ಲ್ಯಾಬಿಗೆ ಡ್ರಿಲ್ ಮಾಡಿ ಆ್ಯಂಕರ್ ಬೋಲ್ಟ್ ಹಾಕಿಬಿಡೋಣ ಅನ್ನುವವರ ಮಾತು ಕೇಳಬೇಡಿ. ಸ್ಲ್ಯಾಬು ಸೋರಲು ಶುರುವಾದರೆ ಗೇಟಿನ ಕೊಳೆನೀರು ಕುಡಿಯುವ ನೀರಿಗೆ ಇಳಿಯುತ್ತದೆ. ಹೊಸ ಮನೆಯಾದರೆ ಸಂಪನ್ನು ಎರಡಡಿ ಒಳಕ್ಕೆ ಸರಿಸಿ. ಕಟ್ಟಿದ ಮನೆಯಾದರೆ ಗೇಟು ಇನ್ನೊಂದು ಬದಿಗೆ ಸರಿಯುವಂತೆ ಮಾಡಲು ಸಾಧ್ಯವೇ ನೋಡಿ.

ರಸ್ತೆಗಿಂತ ಮನೆ ಎತ್ತರದಲ್ಲಿದ್ದು ಒಳಗೆ ರ‍್ಯಾಂಪು ಏರುತ್ತಿದ್ದರೆ, ಒಳಕ್ಕೆ ತೆರೆಯುವ ಮಾಮೂಲಿ ಬಾಗಿಲು ಗೇಟು ನೆಲಕ್ಕೆ ತಾಗುತ್ತದೆ. ಹೊರಕ್ಕೆ ತೆರೆದರೆ ರಸ್ತೆಗೆ ಬರುತ್ತದೆ. ಅಂಥ ಕಡೆ ಸ್ಲೈಡಿಂಗ್ ಗೇಟೇ ಸರಿ. ಆದರೆ ರಸ್ತೆಯೇ ಎಡದಿಂದ ಬಲಕ್ಕೆ ಇಳಿಜಾರಿದ್ದರೆ ಗೇಟಿನ ಸಾಲು ಮಾತ್ರ ಮಟ್ಟವಾಗಿರಲೇಬೇಕು. 10 ಅಡಿಗೆ 3 ಅಂಗುಲ ಇಳಿಜಾರು ಬಿಟ್ಟರೆ 200 ಕೆ.ಜಿ. ಗೇಟನ್ನು 5 ಕೆ.ಜಿ. ಬಲ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಕರೆಂಟ್ ಹೋದಾಗ ಕೀಲಿ ತಿರುಗಿಸಿ ಮೋಟಾರನ್ನು ಬಿಡಿಸಿದ ಕ್ಷಣ ಗೇಟು ತಾನಾಗಿ ಉರುಳಬಹುದು. ಎದುರಿಗೆ ಮಗು ನಿಂತಿದ್ದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಟ್ರ್ಯಾಕು

ನಮ್ಮ ವೆಲ್ಡರುಗಳು ಸಾಮಾನ್ಯವಾಗಿ ಹಾಕುವುದು ತಲೆಕೆಳಗಾದ ಎಲ್ ಆ್ಯಂಗಲ್. ಚೂಪು ಅಂಚು ಮೇಲೆ, ಅದರ ಮೇಲೆ ವಿ ಆಕಾರದ ತಗ್ಗು ಕೊರೆದ ಚಕ್ರ. 40×40×5 ಮಿ.ಮೀ. ಆ್ಯಂಗಲ್ ಮನೆಯ ಗೇಟಿಗೆ ಕನಿಷ್ಠ. ಭಾರದ ಗೇಟಾದರೆ, ಕಾರಿನ ಜೊತೆ ಟೆಂಪೋ ಓಡಾಟವೂ ಇದ್ದರೆ 50×50×6. ಟ್ರ್ಯಾಕಿನ ಒಟ್ಟು ಉದ್ದ ದಾರಿ ಮತ್ತು ಗೇಟಿನ ಉದ್ದ ಎರಡೂ ಸೇರಿ, ನಮ್ಮ ಉದಾಹರಣೆಯಲ್ಲಿ ಸುಮಾರು 21 ಅಡಿ. ಅಂಗಡಿಯಲ್ಲಿ ಆ್ಯಂಗಲ್ ಸಿಗುವುದು 6 ಮೀಟರ್ ಉದ್ದದಲ್ಲಿ, ಅಂದರೆ 20 ಅಡಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಒಂದು ಜೋಡಣೆ ಬಂದೇ ಬರುತ್ತದೆ. ಅದು ಕಾರಿನ ಚಕ್ರ ಹಾಯುವ ಜಾಗದಲ್ಲಿ ಬೇಡ, ಗೋಡೆಯ ಹಿಂದಿನ ಕೊನೆಗೆ ಬರಲಿ. ವೆಲ್ಡಿಂಗಿನ ಗಂಟನ್ನು ಗ್ರೈಂಡ್ ಮಾಡಿ, ಉಗುರು ಆಡಿಸಿದರೂ ತಡೆಯದಷ್ಟು ನಯ ಮಾಡಿಸಿ.

ಈ ಆ್ಯಂಗಲ್ಲನ್ನು ಟೈಲ್ಸ್ ಮೇಲೆ ಸ್ಕ್ರೂ ಹೊಡೆದು ಕೂರಿಸುವುದನ್ನು ಎಲ್ಲೆಲ್ಲೂ ನೋಡುತ್ತೇವೆ. ಕಾರು ಅದರ ಮೇಲೆ ಅಡ್ಡಡ್ಡ ಹಾಯ್ದು ಆರು ತಿಂಗಳಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಟ್ರ್ಯಾಕಿನಡಿ 8 ಅಂಗುಲ ಅಗಲ, 9ರಿಂದ 10 ಅಂಗುಲ ಆಳದ ಕಾಂಕ್ರೀಟ್ ಬೀಮು ಬೇಕು. ಮೇಲೆ ಎರಡು ಕೆಳಗೆ ಎರಡು 10 ಮಿ.ಮೀ. ಕಂಬಿ, 8 ಅಂಗುಲಕ್ಕೊಂದು ರಿಂಗು. ಆ್ಯಂಗಲ್ಲಿನ ಅಡಿಗೆ ಒಂದೂವರೆ ಅಡಿಗೊಂದರಂತೆ ಕಂಬಿಯ ತುಂಡು ಬೆಸುಗೆ ಹಾಕಿ ಕಾಂಕ್ರೀಟಿನೊಳಗೆ ಹೂಳಬೇಕು. ಮಟ್ಟ ನೋಡಲು ಎರಡಡಿಯ ಸ್ಪಿರಿಟ್ ಲೆವೆಲ್ ಸಾಲದು. 21 ಅಡಿಗೆ ಅದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಮೋಸ ಮಾಡುತ್ತದೆ. ಮೇಸ್ತ್ರಿಯ ಬಳಿ ಇರುವ ನೀರಿನ ಲೆವೆಲ್ ಪೈಪನ್ನೇ ಹಿಡಿಸಿ, ಎರಡು ತುದಿ ಮತ್ತು ನಡುವೆ ಎರಡು ಕಡೆ ಗುರುತು ಹಾಕಿಸಿ. ನೇರಕ್ಕೆ ನೂಲು ಕಟ್ಟಿಸಿ. ಕಾಂಕ್ರೀಟು ಸುರಿದ ಮೇಲೆ ಒಂದು ಸಲ, ಅದು ಗಟ್ಟಿಯಾಗುವ ಮುಂಚೆ ಇನ್ನೊಂದು ಸಲ ನೋಡಿ. ಕಂಬಿ ಅಲುಗಾಡಿಸಿದಾಗ ಆ್ಯಂಗಲ್ ಏಳುವುದು, ಕೂರುವುದು ಇದ್ದೇ ಇರುತ್ತದೆ.

ಇನ್ನೊಂದು ಮಾತು ನೀರಿನದು. 40ರ ಆ್ಯಂಗಲ್ ಮಗುಚಿ ಹಾಕಿದರೆ ಅದರ ಏಣು ಸುಮಾರು 28 ಮಿ.ಮೀ. ಎತ್ತರ ನಿಲ್ಲುತ್ತದೆ. ಅಂಗಳ ತೊಳೆದ ನೀರು, ಮಳೆನೀರು ರಸ್ತೆಗೆ ಹೋಗದಂತೆ ಅದು ಒಂದು ಪುಟ್ಟ ಅಣೆಕಟ್ಟು. ಟ್ರ್ಯಾಕಿನ ಒಳಬದಿಗೆ ನಾಲ್ಕಂಗುಲ ಅಗಲದ ಕಾಲುವೆ ತೆಗೆದು ಜಾಲರಿ ಮುಚ್ಚಿ ಚರಂಡಿಗೆ ಬಿಡಿ. ಇಲ್ಲದಿದ್ದರೆ ನೀರು ಟ್ರ್ಯಾಕಿನ ಪಕ್ಕದಲ್ಲೇ ನಿಂತು, ಜೊತೆಗೆ ಬಂದ ಮಣ್ಣು ಅಲ್ಲೇ ಕೂತು ಒಣಗಿ ಕಲ್ಲಿನಂತಾಗುತ್ತದೆ. ಗೇಟು ಎಡವುವುದು ಆ ಒಣಗಿದ ಮಣ್ಣಿನ ಮೇಲೆ.

ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಈ 10 ಅಂಗುಲದ ಬೀಮು ಸಾಲದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು. ಟ್ರ್ಯಾಕು ಮೇಲೆದ್ದರೆ ರ‍್ಯಾಕು ಪಿನಿಯನ್ನಿನಿಂದ ದೂರವಾಗಿ ಹಲ್ಲು ಜಾರುತ್ತದೆ, ಕುಸಿದರೆ ಇಡೀ ಗೇಟು ಪಿನಿಯನ್ ಮೇಲೆ ಕೂರುತ್ತದೆ. ಎರೆಮಣ್ಣನ್ನು ಎರಡಡಿಯಾದರೂ ತೆಗೆದು ಗರಸು ತುಂಬಿ ನೀರು ಹಾಕಿ ಬಡಿದು, ಅದರ ಮೇಲೆ ಬೀಮು ಹಾಕಿಸಿ. ಮೋಟಾರಿನ ಕಟ್ಟೆಯನ್ನೂ ಅದೇ ಬೀಮಿಗೆ ಕಂಬಿಯಿಂದ ಸೇರಿಸಿಬಿಡಿ. ಏರಿದರೂ ಇಳಿದರೂ ಎರಡೂ ಒಟ್ಟಿಗೆ ಏರಿಳಿಯಲಿ.

ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಗೇಟಿನ ಮುಂದೆ ಬರೀ ಮಣ್ಣುರಸ್ತೆ. ಅಲ್ಲಿ ಟ್ರ್ಯಾಕಿನ ಮೇಲೆ ಜೀಪು, ಪಿಕಪ್ಪುಗಳು ಕೆಸರು ತಂದು ಸುರಿಯುತ್ತವೆ. ಜಾಗ ಧಾರಾಳವಾಗಿರುವ ಇಂಥ ಕಡೆ ಕ್ಯಾಂಟಿಲಿವರ್ ಗೇಟು ಒಳ್ಳೆಯದು. ನೆಲದ ಮೇಲೆ ಟ್ರ್ಯಾಕೇ ಇರುವುದಿಲ್ಲ. ಗೇಟಿನ ಬಾಲ ಗೋಡೆಯ ಹಿಂದಿನ ಎರಡು ಗಾಡಿಗಳ ಮೇಲೆ ಕೂತು ಮುಂಭಾಗ ಗಾಳಿಯಲ್ಲಿ ನಿಲ್ಲುತ್ತದೆ. ದಾರಿಯ ಅಗಲದ ಶೇಕಡ 40ರಿಂದ 50ರಷ್ಟು ಬಾಲವೇ ಬೇಕು. 12 ಅಡಿ ದಾರಿಗೆ ಗೇಟು 17ರಿಂದ 18 ಅಡಿ. ಪಾಯವೂ ದೊಡ್ಡದು, ಕಬ್ಬಿಣವೂ ಹೆಚ್ಚು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಟ್ರ್ಯಾಕು ಕೆರೆಯುವುದು ತಪ್ಪುತ್ತದೆ.

ಗೇಟಿನ ತೂಕ

ಗೇಟು ಎಷ್ಟು ತೂಕ ಅಂತ ಕೇಳಿದರೆ ಬರುವ ಉತ್ತರ ಬಹುತೇಕ ಊಹೆ. ಲೆಕ್ಕ ಕಷ್ಟವಲ್ಲ. ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಶೀಟು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. 10 ಅಡಿ ಉದ್ದ 5 ಅಡಿ ಎತ್ತರದ ಗೇಟು 4.65 ಚದರ ಮೀಟರ್. 2 ಮಿ.ಮೀ. ಶೀಟಾದರೆ 73 ಕೆ.ಜಿ. ಚೌಕಟ್ಟಿಗೆ 50×50×2 ಟ್ಯೂಬ್ ಮೀಟರಿಗೆ 3 ಕೆ.ಜಿ., ಸುತ್ತಳತೆ ಮತ್ತು ನಡುವಿನ ಮೂರು ಕಂಬ ಸೇರಿ 13.7 ಮೀಟರ್, ಅಂದರೆ 41 ಕೆ.ಜಿ. ಚಕ್ರ, ರ‍್ಯಾಕು, ಹಿಡಿ, ಬಣ್ಣ ಸೇರಿದರೆ 135ರ ಹತ್ತಿರ. ಅದೇ ಗೇಟಿಗೆ 3 ಮಿ.ಮೀ. ಲೇಸರ್ ಕಟಿಂಗ್ ಶೀಟು, ಹಿಂದೆ ಇನ್ನೊಂದು ಶೀಟು, 100×50ರ ಚೌಕಟ್ಟು ಅಂದರೆ 250 ಕೆ.ಜಿ.ಗೆ ಹೋಗುತ್ತದೆ.

ಮೋಟಾರಿನ ಮೇಲೆ 400, 600, 800, 1000 ಕೆ.ಜಿ. ಅಂತ ಬರೆದಿರುವುದು ಮಟ್ಟವಾದ, ಶುಚಿಯಾದ ಟ್ರ್ಯಾಕಿನ ಮೇಲಿನ ಹೊಸ ಗೇಟಿಗೆ. ಮೂರು ಮಳೆಗಾಲ ಕಂಡ ಗೇಟಿಗಲ್ಲ. ತೂಕದ ಎರಡರಷ್ಟು ಹಿಡಿಯಿರಿ. 150 ಕೆ.ಜಿ.ಗೆ 400, 250ಕ್ಕೆ 600. ಅದಕ್ಕಿಂತ ಮೇಲೆ ಹೋಗಬೇಡಿ. ಇರಲಿ ಅಂತ 1500 ಕೆ.ಜಿ.ಯ ಮೋಟಾರನ್ನು 150 ಕೆ.ಜಿ. ಗೇಟಿಗೆ ಹಾಕಿದರೆ, ನಡುವೆ ಯಾರಾದರೂ ಸಿಕ್ಕಿಕೊಂಡಾಗ ಅಡ್ಡಿ ಇದೆ ಅಂತ ಅದಕ್ಕೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ಚಕ್ರ ಎರಡೇ ಸಾಕು, ಎರಡೂ ತುದಿಯಿಂದ ಒಂದಡಿ ಒಳಗೆ. ಭಾರ ಜಾಸ್ತಿ ಅಂತ ನಡುವೆ ಮೂರನೆಯದನ್ನು ಸೇರಿಸುವುದು ವೆಲ್ಡರುಗಳ ಹಳೆಯ ಅಭ್ಯಾಸ. ಟ್ರ್ಯಾಕು ಕೂದಲೆಳೆಯಷ್ಟು ಉಬ್ಬಿದರೂ ಗೇಟು ನಡುಚಕ್ರದ ಮೇಲೆ ತಕ್ಕಡಿಯಂತೆ ತೂಗಾಡುತ್ತದೆ, ರ‍್ಯಾಕು ಪಿನಿಯನ್ನನ್ನು ಒಮ್ಮೆ ಒತ್ತಿ ಒಮ್ಮೆ ಬಿಡುತ್ತದೆ. ಭಾರ ಹೆಚ್ಚಿದ್ದರೆ ಚಕ್ರದ ಗಾತ್ರ ಹೆಚ್ಚಿಸಿ: 80ರ ಬದಲು 100 ಅಥವಾ 120 ಮಿ.ಮೀ., ಒಂದೊಂದರಲ್ಲೂ ಎರಡು ಬೇರಿಂಗು.

ಗಾಳಿಯ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಕಟ್ಟಡದ ಮೇಲೆ ಬೀಳುವ ಭಾರದ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಗಾಳಿಯ ಒತ್ತಡ ವೇಗದ ವರ್ಗದ 0.6 ಪಾಲು. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಗಾಳಿ ಬೀಸಿದರೆ ಚದರ ಮೀಟರಿಗೆ 240 ನ್ಯೂಟನ್. ಪೂರ್ತಿ ಶೀಟು ಮುಚ್ಚಿದ ನಮ್ಮ ಗೇಟಿನ ಮೇಲೆ 110 ಕೆ.ಜಿ.ಗೂ ಹೆಚ್ಚು ಒತ್ತು ಬೀಳುತ್ತದೆ. ಅದನ್ನು ತಡೆಯುವುದು ಕೆಳಗಿನ ಟ್ರ್ಯಾಕು ಮತ್ತು ಮೇಲಿನ ಎರಡು ಜೊತೆ ನೈಲಾನ್ ರೋಲರು. ಆಷಾಢದಲ್ಲಿ ಗೇಟು ಕಿರುಗುಟ್ಟುತ್ತಾ ನಿಲ್ಲುವುದು ಇದೇ ಕಾರಣಕ್ಕೆ, ಮೋಟಾರು ಕೆಟ್ಟು ಅಲ್ಲ. ಬಯಲಿನ ಮನೆಗೆ ಸಂದು ಬಿಟ್ಟ ಪಟ್ಟಿಗಳ ಗೇಟು ಮಾಡಿಸಿ.

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಬರೀ ಪ್ರೈಮರು, ಎನಾಮೆಲ್ಲು ನಿಲ್ಲುವುದಿಲ್ಲ. ಗೇಟು ಹಾಟ್ ಡಿಪ್ ಗ್ಯಾಲ್ವನೈಸ್ ಆಗಲಿ, ಇಲ್ಲವೇ ಅಲ್ಯೂಮಿನಿಯಂ ಆಗಲಿ. ಸ್ಟೇನ್‌ಲೆಸ್ ಸ್ಟೀಲ್ ಬೇಕೇ ಬೇಕಾದರೆ 316 ದರ್ಜೆಯದು ಕೇಳಿ. 304 ಕಡಲಂಚಿನಲ್ಲಿ ಚಹಾ ಬಣ್ಣದ ಕಲೆ ಕಟ್ಟುತ್ತದೆ.

ಗೇಟು ಕೂರಿಸಿದ ಮೇಲೆ, ಮೋಟಾರು ತರುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ರಯಾಣಕ್ಕೆ ಲಗೇಜು ತೂಗುವ ಕೊಂಡಿ ತಕ್ಕಡಿ ಇರುತ್ತದಲ್ಲ, ಅದನ್ನು ಗೇಟಿನ ತುದಿಗೆ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. 200 ಕೆ.ಜಿ. ಗೇಟು ಚೆನ್ನಾಗಿ ಕೂತಿದ್ದರೆ 5ರಿಂದ 6 ಕೆ.ಜಿ. ತೋರಿಸುತ್ತಾ ಬರುತ್ತದೆ. 10 ದಾಟಿದರೆ, ಅಥವಾ ಒಂದು ಜಾಗದಲ್ಲಿ ಮುಳ್ಳು ಹಠಾತ್ತಾಗಿ ಜಿಗಿದರೆ ಅಲ್ಲಿ ಟ್ರ್ಯಾಕು ಡೊಂಕಿದೆ ಅಥವಾ ರೋಲರು ಬಿಗಿಯಾಗಿದೆ. ಅದನ್ನು ಸರಿಪಡಿಸುವವರೆಗೆ ವೆಲ್ಡರಿನ ಬಾಕಿ ಕೊಡಬೇಡಿ.

ನೆಲದಡಿಯ ಪೈಪು

ಕಾಂಕ್ರೀಟು, ಟೈಲ್ಸು ಎಲ್ಲ ಮುಗಿದ ಮೇಲೆ ನೆನಪಾಗುವ ವಸ್ತು ಇದು. ಗೇಟು ಮುಚ್ಚುವ ಬದಿಯ ಪಿಲ್ಲರಿಗೆ, ಅಡ್ಡ ಬಂದವರನ್ನು ಬೆಳಕಿನ ಕಿರಣದಿಂದ ಗುರುತಿಸುವ ಫೋಟೊಸೆಲ್‌ನ ವೈರು ಹೋಗಬೇಕು. ದಾರಿ ಅಗೆಯದೆ ಅದು ಹೋಗಲು ದಾರಿ ಇಲ್ಲ. ಟ್ರ್ಯಾಕಿನ ಬೀಮು ಹಾಕುವಾಗಲೇ ಅದರ ಪಕ್ಕದಲ್ಲಿ ಒಂದೂವರೆ ಅಡಿ ಆಳದಲ್ಲಿ 32 ಮಿ.ಮೀ. ಗಟ್ಟಿ ಪಿವಿಸಿ ಪೈಪು ಆಚೆ ಪಿಲ್ಲರಿನವರೆಗೆ ಹೂತು, ಒಳಗೆ ಒಂದು ತಂತಿ ಎಳೆದು ಬಿಡಿ. ಇದಿಲ್ಲದ ಮನೆಗಳಲ್ಲಿ ಕೊನೆಗೆ ಫೋಟೊಸೆಲ್ಲನ್ನೇ ಕೈಬಿಡುತ್ತಾರೆ, ಬೋರ್ಡಿನಲ್ಲಿ ಅದರ ಜಾಗಕ್ಕೆ ಒಂದು ವೈರಿನ ತುಂಡು ಸಿಕ್ಕಿಸಿ ಎಲ್ಲ ಸರಿ ಇದೆ ಅಂತ ಮೋಟಾರಿಗೆ ನಂಬಿಸುತ್ತಾರೆ. ನಿಮ್ಮ ಮನೆಯಲ್ಲಿ ಈಗಾಗಲೇ ಹಾಗೆ ಆಗಿದ್ದರೆ, ಸೌರಫಲಕ ಅಥವಾ ಬ್ಯಾಟರಿಯಿಂದ ನಡೆಯುವ ವೈರ್‌ಲೆಸ್ ಫೋಟೊಸೆಲ್ ಸಿಗುತ್ತದೆ, ಹಾಕಿಸಿ.

ಮನೆಯ ಡಿಬಿಯಿಂದ, ಅಂದರೆ ಕರೆಂಟ್ ಹಂಚುವ ಬೋರ್ಡಿನಿಂದ, ಮೋಟಾರಿನ ಕಟ್ಟೆಗೆ ಎರಡು ಬೇರೆ ಬೇರೆ 25 ಮಿ.ಮೀ. ಪೈಪು ಬರಲಿ. ಒಂದರಲ್ಲಿ 230 ವೋಲ್ಟಿನ ಮೂರು ವೈರು, 1.5 ಚದರ ಮಿ.ಮೀ. ತಾಮ್ರ, 30 ಮೀಟರ್ ದಾಟಿದರೆ 2.5. ಇನ್ನೊಂದರಲ್ಲಿ ಫೋಟೊಸೆಲ್, ಸ್ವಿಚ್, ವಿಡಿಯೊ ಡೋರ್‌ಫೋನಿನ ಸಣ್ಣ ವೈರುಗಳು. ಎರಡನ್ನೂ ಒಂದೇ ಪೈಪಿನಲ್ಲಿ ತೂರಿಸಿದರೆ ಗೇಟು ತಾನಾಗಿ ತೆರೆದುಕೊಳ್ಳುವಂಥ ವಿಚಿತ್ರಗಳು ಆಗುತ್ತವೆ, ಕಾರಣ ಹುಡುಕಲು ಎಲೆಕ್ಟ್ರಿಷಿಯನ್ ನಾಲ್ಕು ಸಲ ಬರಬೇಕಾಗುತ್ತದೆ. ಡಿಬಿಯಲ್ಲಿ ಇದಕ್ಕೇ ಬೇರೆ, ಹೆಚ್ಚು ಕರೆಂಟ್ ಹರಿದರೆ ಕಡಿಯುವ 10 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಗೇಟು ಮತ್ತು ಮೋಟಾರಿಗೆ ಅರ್ಥಿಂಗ್. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಬೋರ್ಡು ಸುಡುವುದು ಸಾಮಾನ್ಯ. ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಆ ಅಪಾಯ ಬಹಳ ಕಡಿಮೆಯಾಗುತ್ತದೆ.

ಮೋಟಾರಿನ ಕಟ್ಟೆ 400×300 ಮಿ.ಮೀ., ಒಂದಡಿ ಆಳ, ಅಂಗಳದ ನೆಲದಿಂದ ಎರಡರಿಂದ ನಾಲ್ಕು ಅಂಗುಲ ಮೇಲೆ. ಅಂಗಳ ತೊಳೆಯುವ ನೀರು ಪೆಟ್ಟಿಗೆಯ ತಳಕ್ಕೆ ಮುಟ್ಟಬಾರದು. ಏಳು ದಿನ ನೀರುಣಿಸಿದ ಮೇಲೆ ಬೋಲ್ಟು ಬಿಗಿಯಿರಿ.

230 ವೋಲ್ಟೋ, 24 ವೋಲ್ಟೋ

ಈಗ ಮೋಟಾರು. 230 ವೋಲ್ಟಿನ ಎಸಿ ಮೋಟಾರು ಗಟ್ಟಿ, ಸರಳ, ರಿಪೇರಿ ಮಾಡುವವರು ಎಲ್ಲ ಕಡೆ ಸಿಗುತ್ತಾರೆ. ಕರೆಂಟ್ ಹೋದರೆ ನಿಂತಿತು. ಮನೆಯ ಇನ್ವರ್ಟರಿಗೆ ಜೋಡಿಸಬಹುದು, ಆದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಸ್ಕ್ವೇರ್ ವೇವ್ ಆದರೆ ಮೋಟಾರು ಗುಯ್ ಅನ್ನುತ್ತದೆ, ಬಿಸಿಯಾಗುತ್ತದೆ. 24 ವೋಲ್ಟಿನ ಡಿಸಿ ಮೋಟಾರಿನಲ್ಲಿ ಗೇಟು ನಿಧಾನವಾಗಿ ಹೊರಟು, ಕೊನೆಗೆ ನಿಧಾನವಾಗಿ ನಿಲ್ಲುತ್ತದೆ. ಮೋಟಾರಿನ ಸುತ್ತು ಎಣಿಸುವ ಎನ್‌ಕೋಡರ್ ಇರುವುದರಿಂದ ಅಡ್ಡಿ ತಾಗಿದ್ದು ಬೇಗ ಗೊತ್ತಾಗಿ ಹಿಂದಕ್ಕೆ ಸರಿಯುತ್ತದೆ. ಪೆಟ್ಟಿಗೆಯೊಳಗೇ ಎರಡು 12 ವೋಲ್ಟ್ ಬ್ಯಾಟರಿ ಕೂರುತ್ತವೆ. ಮಕ್ಕಳಿರುವ ಮನೆಗೆ, ಕರೆಂಟ್ ಪದೇ ಪದೇ ಹೋಗುವ ಊರಿಗೆ 24 ವೋಲ್ಟಿನದ್ದೇ ಸರಿ. ಬೆಲೆ ಹೆಚ್ಚಾದರೂ ಸರಿ.

ಬ್ಯಾಟರಿ ಇದೆ ಅಂದಾಕ್ಷಣ ಸಮಾಧಾನ ಪಡಬೇಡಿ, ಎಷ್ಟು ಆಂಪಿಯರ್ ಅವರ್ ಅಂತ ಕೇಳಿ. ಗೇಟು ಸುಮ್ಮನೆ ನಿಂತಾಗಲೂ ಬೋರ್ಡು, ಫೋಟೊಸೆಲ್ಲು, ರಿಸೀವರು ಸೇರಿ ಸುಮಾರು 5 ವ್ಯಾಟ್ ತಿನ್ನುತ್ತವೆ ಅಂತಿಟ್ಟುಕೊಳ್ಳಿ. 1.3 ಆಂಪಿಯರ್ ಅವರ್‌ನ ಜೋಡಿಯಾದರೆ ಐದಾರು ಗಂಟೆಯಲ್ಲಿ ಬರಿದು. 7 ಆಂಪಿಯರ್ ಅವರ್‌ನದಾದರೆ ಒಂದು ದಿನ ತಳ್ಳುತ್ತದೆ. ಕರೆಂಟ್ ಬಿಲ್ಲಿನ ಲೆಕ್ಕವೂ ಹೀಗೇ ತಲೆಕೆಳಗು. 300 ವ್ಯಾಟಿನ ಮೋಟಾರು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೂ ತಿಂಗಳಿಗೆ ಒಂದು ಯೂನಿಟ್ಟು. ಸುಮ್ಮನೆ ನಿಂತದ್ದಕ್ಕೆ ಮೂರೂವರೆ ಯೂನಿಟ್ಟು.

ಒಳಗಿನ ಗೇರು ಲೋಹದ್ದೋ ಪ್ಲಾಸ್ಟಿಕ್ಕಿನದೋ ಕೇಳಿ. ಬೋರ್ಡು ಸುಟ್ಟರೆ ಬೋರ್ಡು ಮಾತ್ರ ಬೇರೆ ಸಿಗುತ್ತದೆಯೇ, ಬೆಲೆ ಎಷ್ಟು, ಅದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಮೋಟಾರು, ರ‍್ಯಾಕು, ಫೋಟೊಸೆಲ್ಲು, ಬ್ಯಾಟರಿ, ರಿಮೋಟು, ಕೂರಿಸುವ ಕೂಲಿ, ಒಂದೊಂದಕ್ಕೂ ಒಂದೊಂದು ಸಾಲಿರಲಿ. ಎಲ್ಲ ಸೇರಿ ಇಷ್ಟು ಅಂದ ಕೊಟೇಶನ್ನಿನಲ್ಲಿ ಮೊದಲು ಮಾಯವಾಗುವುದು ಫೋಟೊಸೆಲ್ಲು. ಗೇಟು ನಿಲ್ಲುವ ಜಾಗ ಹೇಳುವ ಲಿಮಿಟ್ ಸ್ವಿಚ್ಚು ನಮ್ಮ ಧೂಳಿಗೆ ಮ್ಯಾಗ್ನೆಟ್ಟಿನದಾದರೆ ವಾಸಿ. ರಿಮೋಟು ರೋಲಿಂಗ್ ಕೋಡ್ ಇರುವಂಥದ್ದೇ ಬೇಕು, ಅಂದರೆ ಒತ್ತಿದಾಗಲೆಲ್ಲ ಸಂಕೇತ ಬದಲಾಗುವಂಥದ್ದು. ಫಿಕ್ಸೆಡ್ ಕೋಡಿನ 433 ಮೆಗಾಹರ್ಟ್ಸ್ ರಿಮೋಟನ್ನು ನಕಲು ಮಾಡುವ ಸಾಧನ ಅಗ್ಗಕ್ಕೆ ಸಿಗುತ್ತದೆ. ರಿಮೋಟ್ ಕಳೆದರೆ ಬೋರ್ಡಿನ ಮೆಮೊರಿ ಅಳಿಸಿ ಉಳಿದವನ್ನು ಮತ್ತೆ ಸೇರಿಸಿ.

ರ‍್ಯಾಕು ಕೂರಿಸುವಾಗ ಪಕ್ಕದಲ್ಲೇ ನಿಂತಿರಿ

ಮನೆಗೇಟುಗಳ ರ‍್ಯಾಕು ಸಾಮಾನ್ಯವಾಗಿ ಮಾಡ್ಯೂಲ್ 4. ಹಲ್ಲಿನಿಂದ ಹಲ್ಲಿಗೆ 12.57 ಮಿ.ಮೀ. ಒಂದೊಂದು ಮೀಟರಿನ ತುಂಡಾಗಿ ಬರುತ್ತದೆ. ಸ್ಟೀಲಿನದು, ಅಥವಾ ಒಳಗೆ ಸ್ಟೀಲಿರುವ ನೈಲಾನಿನದು. ಹಗುರ ಗೇಟಿಗೆ ನೈಲಾನು ಸದ್ದಿಲ್ಲದೆ ಓಡುತ್ತದೆ, 250 ಕೆ.ಜಿ. ಹತ್ತಿರದ ಗೇಟಿಗೆ ಸ್ಟೀಲೇ ಇರಲಿ.

ಎರಡು ತುಂಡು ಸೇರುವ ಕಡೆ ಹಲ್ಲಿನ ಅಂತರ ಒಂದು ಮಿ.ಮೀ. ಹೆಚ್ಚುಕಮ್ಮಿಯಾದರೂ ಗೇಟು ಅಲ್ಲಿಗೆ ಬಂದಾಗ ಟಕ್ ಅನ್ನುತ್ತದೆ, ದಿನಾ ಅನ್ನುತ್ತದೆ. ತಿಳಿದ ಕೆಲಸಗಾರ ಮೂರನೆಯ ತುಂಡೊಂದನ್ನು ತಲೆಕೆಳಗಾಗಿ ಹಿಡಿದು, ಅದರ ಹಲ್ಲು ಎರಡೂ ತುಂಡುಗಳ ಹಲ್ಲಿನೊಳಗೆ ಕೂರುವಂತೆ ಜೋಡಣೆಯ ಅಡಿಗೆ ಕ್ಲ್ಯಾಂಪ್ ಹಾಕುತ್ತಾನೆ. ಅಂತರ ತಾನಾಗಿ ಸರಿಯಾಗುತ್ತದೆ. ಆಮೇಲೆ ಬೋಲ್ಟು. ಅಂದಾಜಿನಲ್ಲಿ ಒತ್ತಿ ಹಿಡಿದು ವೆಲ್ಡ್ ಮಾಡಲು ಹೊರಟವನನ್ನು ಅಲ್ಲೇ ತಡೆಯಿರಿ.

ರ‍್ಯಾಕಿಗೂ ಪಿನಿಯನ್ನಿಗೂ ನಡುವೆ 1.5ರಿಂದ 2 ಮಿ.ಮೀ. ಸಡಿಲ ಬೇಕು. ಇದಕ್ಕೊಂದು ಸುಲಭದ ಉಪಾಯ: ಎಂ8 ವಾಷರಿನ ದಪ್ಪ 1.6 ಮಿ.ಮೀ. ಮೋಟಾರಿನ ನಾಲ್ಕು ಮೂಲೆಗೂ ಅಡಿಯಲ್ಲಿ ಒಂದೊಂದು ವಾಷರ್ ಇಟ್ಟು, ರ‍್ಯಾಕನ್ನು ಪಿನಿಯನ್ ಮೇಲೆ ಕೂರಿಸಿಯೇ ಬೋಲ್ಟು ಬಿಗಿಯಿರಿ. ಎಲ್ಲ ಮುಗಿದ ಮೇಲೆ ವಾಷರು ತೆಗೆದರೆ ಮೋಟಾರು ಅಷ್ಟು ಕೆಳಗಿಳಿಯುತ್ತದೆ. ಆ ಸಡಿಲ ಇಲ್ಲದಿದ್ದರೆ ಗೇಟಿನ ಭಾರ ಪಿನಿಯನ್ನಿನ ಶಾಫ್ಟಿನ ಮೇಲೆ ಬೀಳುತ್ತದೆ, ಸೀಲು ಸವೆದು ಪೆಟ್ಟಿಗೆಯಡಿ ಎಣ್ಣೆಯ ಕಲೆ ಕಾಣುತ್ತದೆ. ಚಕ್ರ ಸವೆದಂತೆ ಗೇಟು ಕೆಳಗಿಳಿಯುತ್ತಾ ಹೋಗುವುದರಿಂದ ರ‍್ಯಾಕಿನ ಬೋಲ್ಟಿನ ತೂತು ಉದ್ದನೆಯದಿರಬೇಕು. ಆರು ತಿಂಗಳಿಗೊಮ್ಮೆ ಎತ್ತಿ ಬಿಗಿಯಬಹುದು.

ಜೀವ ಹೋಗುವ ಜಾಗಗಳು

ಸ್ಲೈಡಿಂಗ್ ಗೇಟಿನ ಅತಿ ದೊಡ್ಡ ಅಪಾಯ ಮೋಟಾರಲ್ಲ. ಗೇಟು ಟ್ರ್ಯಾಕಿನ ಕೊನೆ ದಾಟಿ, ಮೇಲಿನ ರೋಲರಿನಿಂದ ಕಳಚಿ, ಅಡ್ಡಡ್ಡ ಬೀಳುವುದು. ಗೇಟು ತಳ್ಳಿ ಆಡುವ ಮಕ್ಕಳು, ರಾತ್ರಿ ಗೇಟು ಮುಚ್ಚುವ ಕಾವಲುಗಾರರು ಹೀಗೇ ಸತ್ತಿದ್ದಾರೆ. ಟ್ರ್ಯಾಕಿನ ಎರಡೂ ತುದಿಗೆ ಬೀಮಿನೊಳಗಿಂದಲೇ ಎದ್ದ ಗಟ್ಟಿ ಸ್ಟಾಪರ್ ಇರಲೇಬೇಕು. ಗೇಟನ್ನು ಇಬ್ಬರು ಓಡಿಸಿಕೊಂಡು ಬಂದು ಗುದ್ದಿದರೂ ಅಲುಗಬಾರದು. ಲಿಮಿಟ್ ಸ್ವಿಚ್ ಇದೆ, ಸ್ಟಾಪರ್ ಯಾಕೆ ಅನ್ನುವ ಮಾತು ಕೇಳಬೇಡಿ. ಮೋಟಾರು ಬಿಡಿಸಿ ಕೈಯಲ್ಲಿ ತಳ್ಳುವ ದಿನ ಲಿಮಿಟ್ ಸ್ವಿಚ್ ಇರುವುದಿಲ್ಲ. ಮೇಲಿನ ರೋಲರು ಒಂದು ಜೊತೆ ಮುರಿದರೂ ಇನ್ನೊಂದು ಹಿಡಿದಿರುವಂತೆ ಎರಡು ಜೊತೆ, ಒಂದರಿಂದ ಒಂದು ಎರಡಡಿ ದೂರದಲ್ಲಿ. ಗೇಟು ಮುಚ್ಚುವ ಬದಿಯ ಪಿಲ್ಲರಿಗೆ ಯು ಆಕಾರದ ಹಿಡಿ.

ಎರಡನೆಯದು, ಸರಿಯುವ ಗೇಟಿನ ಸಂದಿಯಲ್ಲಿ ತೂರಿದ ಕೈ. ಗೇಟು ಪಿಲ್ಲರಿನ ಪಕ್ಕ ಹಾಯುವಾಗ ಅದು ಕತ್ತರಿಯಂತೆ ಕೆಲಸ ಮಾಡುತ್ತದೆ. ಅಮೆರಿಕದ ಎಎಸ್‌ಟಿಎಂ ಎಫ್2200 ನಿಯಮದ ಅಳತೆ 2¼ ಅಂಗುಲದ ಗೋಲ ತೂರಬಾರದು ಅನ್ನುವುದು. ಬಯಲಿನ ಗಾಳಿಗೆ ಸಂದು ಬಿಟ್ಟ ಪಟ್ಟಿಯ ಗೇಟು ಮಾಡಿಸುವಾಗಲೂ ಈ ಅಳತೆ ದಾಟಬೇಡಿ. ಚಿಕ್ಕ ಮಕ್ಕಳಿದ್ದರೆ ಒಳಬದಿಗೆ ಸಣ್ಣ ಕಣ್ಣಿನ ಜಾಲರಿ ಬೆಸೆಯಿರಿ.

ಮೂರನೆಯದು ಮುಚ್ಚುವ ತುದಿ. ಫೋಟೊಸೆಲ್ಲನ್ನು ನೆಲದಿಂದ 50ರಿಂದ 60 ಸೆಂ.ಮೀ. ಎತ್ತರಕ್ಕೆ ಹೊರಬದಿಯಲ್ಲೊಂದು ಜೊತೆ, ಒಳಬದಿಯಲ್ಲೊಂದು ಜೊತೆ ಹಾಕಿಸಿ. ಒಂದೇ ಜೊತೆ ಇದ್ದರೆ ಕಾರಿನ ಹಿಂಭಾಗ ಇನ್ನೂ ದಾರಿಯಲ್ಲಿರುವಾಗ ಗೇಟು ಹೊರಟುಬಿಡಬಹುದು. ಪೂರ್ವ ಪಶ್ಚಿಮ ದಿಕ್ಕಿನಲ್ಲಿ ಎದುರುಬದುರು ಬಂದರೆ ರಿಸೀವರಿನ ಮುಖಕ್ಕೆ ಇಳಿಬಿಸಿಲು ನೇರ ಬೀಳದಂತೆ ಕೂರಿಸಿ. ಸಂಜೆ ಐದಕ್ಕೆ ಮಾತ್ರ ಗೇಟು ಮುಚ್ಚದೆ ಹಟ ಮಾಡುತ್ತಿದ್ದರೆ ಕಾರಣ ಇದೇ. ಯುರೋಪಿನ ಇಎನ್ 12453 ಪ್ರಕಾರ ಗೇಟು ಮುಚ್ಚುವಾಗ ಸಿಕ್ಕಿಕೊಂಡವರ ಮೇಲೆ ಬೀಳುವ ಬಲ 400 ನ್ಯೂಟನ್, ಅಂದರೆ ಸುಮಾರು 40 ಕೆ.ಜಿ. ದಾಟಬಾರದು, ಮುಕ್ಕಾಲು ಸೆಕೆಂಡಿನಲ್ಲಿ 150 ನ್ಯೂಟನ್ನಿಗೆ ಇಳಿಯಬೇಕು. ಅದನ್ನು ಅಳೆಯುವ ಸಾಧನ ಮನೆಯಲ್ಲಿರುವುದಿಲ್ಲ. ಗಟ್ಟಿ ಥರ್ಮೋಕೋಲಿನ ಪೆಟ್ಟಿಗೆಯೊಂದನ್ನು ಮುಚ್ಚುವ ತುದಿಗೆ, ಫೋಟೊಸೆಲ್ಲಿನ ಬೆಳಕಿಗಿಂತ ಕೆಳಗೆ ಇಟ್ಟು ನೋಡಿ. ಗೇಟು ಅದನ್ನು ಪುಡಿ ಮಾಡಿ ಮುಂದೆ ಹೋದರೆ ಫೋರ್ಸ್ ಕಡಿಮೆ ಮಾಡಿಸಿ. ತಾಗಿ ಹಿಂದೆ ಸರಿಯಬೇಕು. ಫೋಟೊಸೆಲ್ ಇಲ್ಲದೆ ಆಟೊ ಕ್ಲೋಸ್ ಯಾವತ್ತೂ ಹಾಕಬೇಡಿ.

ಆಮೇಲಿನ ನಿಗಾ ಹೆಚ್ಚೇನಿಲ್ಲ. ವಾರಕ್ಕೊಮ್ಮೆ ಟ್ರ್ಯಾಕು ಗುಡಿಸಿ, ಫೋಟೊಸೆಲ್ಲಿನ ಕಣ್ಣು ಒರೆಸಿ. ರ‍್ಯಾಕಿಗೆ ಗ್ರೀಸು ಹಚ್ಚಬೇಡಿ, ಧೂಳು ಹಿಡಿದು ಅರದಂತೆ ಹಲ್ಲು ತಿನ್ನುತ್ತದೆ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಾಗಲಿ. ಮಳೆಗಾಲಕ್ಕೆ ಮುಂಚೆ ಮುಚ್ಚಳ ಬಿಚ್ಚಿ ಒಳಗೆ ನೋಡಿ. ಬೆಚ್ಚಗಿನ ಬೋರ್ಡಿನ ಮೇಲೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ, ರಿಲೇಗಳು ಅಂಟಿಕೊಳ್ಳುತ್ತವೆ. ಅವು ಬರುವ ದಾರಿ ನೆಲದಡಿಯ ಪೈಪಿನ ಬಾಯಿ. ವೈರು ಎಳೆದ ಮೇಲೆ ಆ ಬಾಯಿಗೆ ಸಿಲಿಕೋನ್ ಅಥವಾ ಫೋಮ್ ತುಂಬಿ ಮುಚ್ಚಿ.

ಮೋಟಾರು ಬಿಡಿಸುವ ಕೀಲಿ ಎರಡು ಇರಲಿ. ಒಂದು ಮನೆಯೊಳಗೆ ಎಲ್ಲರಿಗೂ ಗೊತ್ತಿರುವ ಮೊಳೆಗೆ, ಇನ್ನೊಂದು ವಿಕೆಟ್ ಗೇಟಿನ ಕೀಲಿಯ ಗೊಂಚಲಿಗೆ. ಕರೆಂಟ್ ಇರುವ ದಿನವೇ ಮನೆಯ ಹಿರಿಯರ ಕೈಯಿಂದ ಒಂದು ಸಲ ತಿರುಗಿಸಿ ಗೇಟು ತಳ್ಳಿಸಿ ನೋಡಿ.